ಗಂಗಾ ಕಾಕು ಬೆನ್ನು ತಿರುಗಿಸಿದಾಗ

ಗಂಗಾ ಕಾಕು ಬೆನ್ನು ತಿರುಗಿಸಿ ಒಳಗೆ ಹೋದರೆಂದರೆ ಗಿಡ ಕೊಟ್ಟರು ಎಂದೇ ಅರ್ಥ. ಇಷ್ಟು ತಿಳಿಯಲು ನನಗೆ ಏಳೆಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ಓಣಿಯ ಅರ್ಧ ಜನ ಅವರ ಅಂಗಳದಿಂದ ಒಂದೊಂದು ಕಡ್ಡಿಯನ್ನೋ ಗಡ್ಡೆಯನ್ನೋ ಒಯ್ದು ತಮ್ಮ ಮನೆ ಮುಂದೆ ಊರಿ, ಅದರ ಹೂವನ್ನೂ ಮುಡಿದು ಆಗಿತ್ತು. ಅವರ ಮಹಡಿಯ ಮೇಲೆಯೇ ಬಾಡಿಗೆಗಿದ್ದ ನಾನು ದಿನಾ ಆ ಗಿಡಗಳ ನಡುವೆ ಹತ್ತಿ ಇಳಿಯುತ್ತಿದ್ದರೂ ಬರಿಗೈಯಲ್ಲೇ ಇದ್ದೆ.

ಮನೆ ಇದ್ದದ್ದು ತಾರ್ನಾಕದಲ್ಲಿ, ವಿಶ್ವವಿದ್ಯಾಲಯದ ಗೋಡೆಯಿಂದ ಎರಡು ಓಣಿ ಈಚೆಗೆ. ನಾವು ದಾವಣಗೆರೆಯವರು. ನನ್ನ ಗಂಡನಿಗೆ ಬ್ಯಾಂಕಿನಲ್ಲಿ ಹೈದರಾಬಾದಿಗೆ ವರ್ಗವಾಯಿತು, ನನಗೆ ಊರಿನ ಪಶ್ಚಿಮದ ತುದಿಯಲ್ಲಿ ಕೆಲಸ ಸಿಕ್ಕಿತು. ಆಗ ಆ ಕಡೆ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುವುದೇ ಕೆಲಸವಾಗಿತ್ತು. ಹೋದ ತಿಂಗಳು ನೋಡಿದ ಗುಡ್ಡ ಈ ತಿಂಗಳು ಇರುತ್ತಿರಲಿಲ್ಲ. ಕಂಪನಿಯ ಬಸ್ಸು ಬೆಳಿಗ್ಗೆ ಏಳಕ್ಕೆ ಮೊದಲೇ ಬಂದು ನನ್ನನ್ನು ಹತ್ತಿಸಿಕೊಂಡು, ಕತ್ತಲಾಗುವ ಹೊತ್ತಿಗೆ ತಂದು ಇಳಿಸುತ್ತಿತ್ತು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಮೊದಲ ವಾರವೇ ಕಾಕು ಇದನ್ನು ವಿಚಾರಿಸಿಕೊಂಡಿದ್ದರು.

"ತಪ್ಪು ಹುಡುಕಿದ್ರ ಪಗಾರ ಕೊಡ್ತಾರೇನವಾ?" ಎಂದರು. ಹೌದು ಎಂದೆ. "ನಮ್ಮ ಮನ್ಯಾಗ ಒಬ್ರು ಇಷ್ಟು ವರ್ಷದಿಂದ ಪುಕ್ಕಟ ಹುಡುಕಾಕತ್ತಾರ ನೋಡು."

ಒಳಗೆ ಪೇಪರಿನ ಹಿಂದೆ ಕುಳಿತಿದ್ದ ಅವರ ಗಂಡ, ನಾವೆಲ್ಲ ಕಾಕಾ ಎನ್ನುತ್ತಿದ್ದವರು, ಸಣ್ಣಗೆ ಕೆಮ್ಮಿ ಹಾಳೆ ಮಗುಚಿದರು.

ಇಬ್ಬರೂ ಲಿಂಗಸುಗೂರಿನ ಕಡೆಯವರು. ಕಾಕಾ ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಕಾಕು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವರು. ಮಗಳು, ಅಳಿಯ ಅದೇ ಮನೆಯ ಹಿಂಭಾಗದಲ್ಲಿದ್ದರು. ಎತ್ತರದ, ತೆಳ್ಳನೆಯ ಹೆಂಗಸು ಕಾಕು. ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಡಿ ಮುರಿದ ಒಂದು ಹಳೆಯ ಸೌಟು ಹಿಡಿದು ಮಣ್ಣು ಕೆದಕುತ್ತಿದ್ದರು. ಓಣಿಯ ತೆಲುಗಿನವರು, ಚಿಕ್ಕಮ್ಮ ಎಂಬರ್ಥದ 'ಕಾಕು' ಎನ್ನುವುದೇ ಅವರ ಹೆಸರು ಎಂದು ತಿಳಿದು 'ಕಾಕುಗಾರು' ಎಂದು ಕರೆಯುತ್ತಿದ್ದರು. ಕಾಕು ತಿದ್ದಲು ಹೋಗಿರಲಿಲ್ಲ. ಟ್ರಂಕ್ ಕಾಲಿನ ಕಾಲದ ಅಭ್ಯಾಸವೋ ಏನೋ, ಯಾವ ಮಾತನ್ನೂ ಮೂರು ನಿಮಿಷದ ಮೇಲೆ ಬೆಳೆಸುತ್ತಿರಲಿಲ್ಲ. ಕೈ ನೀರಲ್ಲಿ ಅದ್ದಿ ಸೆರಗಿಗೆ ಒರೆಸಿಕೊಂಡರೆ ಮಾತು ಮುಗಿಯಿತು, ಲೈನ್ ಕಟ್ಟಾಯಿತು.

ನಾವು ಹೋದ ಕೆಲವೇ ದಿನಗಳಿಗೆ ಅವರ ಕೇಸರಿ ಬಣ್ಣದ ದಾಸವಾಳ ನೋಡಿ ಆಸೆಯಾಗಿ ಕೇಳಿದೆ: "ಕಾಕು, ಇದರದ್ದೊಂದು ಕಡ್ಡಿ ಕೊಡ್ತೀರಾ?"

ಕಾಕು ಸೌಟು ಕೆಳಗಿಟ್ಟು ನನ್ನನ್ನೇ ನೋಡಿದರು.

"ಕೇಳಿಬಿಟ್ಟಿ," ಎಂದರು. "ಬಾಯಿಬಿಟ್ಟು ಕೇಳಿಬಿಟ್ಟಿ. ಇನ್ನ ಆರು ತಿಂಗಳು ಈ ಗಿಡದ ಮಾತು ತೆಗೀಬ್ಯಾಡ."

ನಾನು ಪೆಚ್ಚಾದೆ. ಜಿಪುಣತನ ಎಂದುಕೊಂಡೆ, ಗಂಡನ ಹತ್ತಿರ ಆಡಿಕೊಂಡೂ ಬಿಟ್ಟೆ. ಅವರು ಅದರ ಕಾರಣ ಹೇಳಿದ್ದು ಎಷ್ಟೋ ತಿಂಗಳ ಮೇಲೆ, ನೀರು ಬರುವ ದಿನ ಇಬ್ಬರೂ ಡ್ರಮ್ಮು ತುಂಬಿಸುತ್ತ ನಿಂತಾಗ.

"ಕೇಳಿ ಒಯ್ದ ಗಿಡ ಹತ್ತಂಗಿಲ್ಲವಾ. ಕದ್ದು ಒಯ್ದದ್ದು ಹತ್ತತೈತಿ. ನಮ್ಮವ್ವ ಹಂಗ ಮಾಡ್ತಿದ್ಲು, ನಾನೂ ಹಂಗ ಮಾಡ್ತೀನಿ. ಒಯ್ಯೋರು ಕೇಳಬಾರದು, ಕೊಡೋರು ನೋಡಬಾರದು, ಆಮ್ಯಾಲೆ ಇಬ್ರೂ ಆ ಮಾತು ಎತ್ತಬಾರದು. ಥ್ಯಾಂಕ್ಸ್ ಅಂದ್ರಂತೂ ಮುಗೀತು, ಬೇರು ಕೊಳೀತಾವ."

"ಮತ್ತೆ ಯಾವುದನ್ನ ಒಯ್ಯಬೇಕು ಅಂತ ಗೊತ್ತಾಗೋದು ಹೇಗೆ?"

"ಬೈತೀನಲ್ಲ," ಎಂದರು ಕಾಕು.

ಅಂದಿನಿಂದ ನಾನು ಕಣ್ಣಿಟ್ಟು ನೋಡತೊಡಗಿದೆ. ನಿಜವಾಗಿಯೂ ಹಾಗೇ ನಡೆಯುತ್ತಿತ್ತು. ಎದುರು ಮನೆಯ ತೆಲುಗು ಆಂಟಿ ನಂದಿಬಟ್ಟಲಿನ ಕಡೆ ಎರಡು ಸಲ ನೋಡಿದರೆ ಸಾಕು, ಕಾಕು ಆ ಗಿಡದ ಮುಂದೆ ನಿಂತು ಬೈಯಲು ಶುರು ಮಾಡುತ್ತಿದ್ದರು. ದಾರಿಗೆ ಅಡ್ಡ ಬರುತ್ತದೆ, ಗೋಡೆ ಹಾಳು ಮಾಡುತ್ತದೆ, ಯಾಕಾದರೂ ಇಟ್ಟೆನೋ. ಹಾಗೆ ಬೈದು, ಹಾಲು ಉಕ್ಕುತ್ತಿದೆ ಎಂದೋ ಫೋನ್ ಬಂದಿದೆ ಎಂದೋ ಹೇಳಿ ಬೆನ್ನು ತಿರುಗಿಸಿ ಒಳಗೆ ಹೋಗುತ್ತಿದ್ದರು.

"ಫೋನ್ ಎಲ್ಲಿ ಬಂತು?" ಎಂದು ಕಾಕಾ ಒಳಗಿನಿಂದ ಕೇಳುತ್ತಿದ್ದರು.

"ನಿಮಗ ಕೇಳಂಗಿಲ್ಲ ಬಿಡ್ರಿ."

ಕಾಕಾ ಮಾತಿಗೆ ಮುಂಚೆ ಒಂದು ತಪ್ಪು ಹಿಡಿಯುವವರು. ಈ ಆಟ ಅವರಿಗೆ ಒಂದಿಷ್ಟೂ ಹಿಡಿಸುತ್ತಿರಲಿಲ್ಲ. "ಕೊಡೂದಿದ್ರ ಕೈಯಾಗ ಕೊಡಬೇಕು. ಇದೆಂಥಾ ನಾಟಕ?" ಎಂದು ನನ್ನ ಮುಂದೆಯೂ ಹೇಳಿದ್ದರು. ಹೂವಿನ ವಿಷಯದಲ್ಲಿ ಅವರದು ಪೂರಾ ಅಜ್ಞಾನ. ಮಲ್ಲಿಗೆ ಯಾವುದು, ನಂದಿಬಟ್ಟಲು ಯಾವುದು ಎಂದರೆ ಎರಡೂ ಬೆಳ್ಳಗಿವೆಯಲ್ಲ ಎನ್ನುತ್ತಿದ್ದರು.

ಆರು ತಿಂಗಳೆಂದವರು ಎಂಟು ತಿಂಗಳಿಗೆ ದಾಸವಾಳವನ್ನು ಬೈದರು. ಒಳಗೆ ಹೋದರು. ನಾನು ಕಡ್ಡಿ ಮುರಿದುಕೊಂಡೆ. ಸ್ವಂತ ಸಂಬಳದ ಹೆಂಗಸು ನಾನು, ಕಳ್ಳಿಯ ಹಾಗೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿದೆ. ಆ ಗಿಡ ಹತ್ತಿತು.

ಅವರ ಅಂಗಳದಲ್ಲಿ ಬೆಲೆಬಾಳುವ ಗಿಡ ಒಂದೂ ಇರಲಿಲ್ಲ. ನರ್ಸರಿಯಿಂದ ತಂದದ್ದೂ ಕಡಿಮೆ. ಆದರೆ ಪ್ರತಿಯೊಂದನ್ನೂ ಯಾಕೆ ಇಟ್ಟುಕೊಂಡಿದ್ದಾರೆ ಎಂದು ಕೇಳಿದರೆ ಅವರ ಹತ್ತಿರ ಉತ್ತರವಿತ್ತು. ಪಾರಿಜಾತ ಯಾಕೆಂದರೆ ಅದು ತಾನಾಗಿ ಉದುರುತ್ತದೆ, ಕೀಳಿಸಿಕೊಳ್ಳುವುದಿಲ್ಲ. ಮರುಗ ಯಾಕೆಂದರೆ, "ಅದನ್ನ ಮುಟ್ಟಿ ಮಾತಾಡಿಸಿದ್ರ ಮಾತಾಡತೈತಿ. ಇಲ್ಲಾಂದ್ರ ತನ್ನಷ್ಟಕ್ಕ ತಾ ಇರತೈತಿ." ನಿಜ, ಮರುಗದ ಪಕ್ಕ ಎಷ್ಟು ಹೊತ್ತು ನಿಂತರೂ ಏನೂ ಇಲ್ಲ, ಎರಡು ಎಲೆ ಬೆರಳಿನಲ್ಲಿ ತಿಕ್ಕಿದರೆ ಊಟವಾಗುವವರೆಗೂ ಕೈ ಘಮಘಮ. ಗೇಟಿನ ಹತ್ತಿರದ ಕಣಗಿಲೆಯನ್ನು ಅವರು ಮೆಚ್ಚುತ್ತಿದ್ದದ್ದು ಅದು ನೀರಿಗಾಗಿ ಕಾಯುವುದಿಲ್ಲ ಎಂದು. ಏಪ್ರಿಲಿನ ಬಿಸಿಲಿನಲ್ಲಿ ನಲ್ಲಿ ನಾಲ್ಕು ದಿನ ಬರದೆ ನಾವೆಲ್ಲ ಟ್ಯಾಂಕರಿಗೆ ಓಡಾಡುತ್ತಿದ್ದಾಗ ಅದೊಂದೇ ಗುಲಾಬಿ ಬಣ್ಣ ಬಿಟ್ಟುಕೊಂಡು ನಿಂತಿರುತ್ತಿತ್ತು. "ಇದಕ್ಕ ಯಾರ ಹಂಗೂ ಇಲ್ಲ ನೋಡು," ಎನ್ನುತ್ತಿದ್ದರು. ಮೆಟ್ಟಿಲಿನ ಪಕ್ಕ ಇಟ್ಟಿಗೆ ಸಂದಿಯಿಂದ ಹಿಡಿದು ಬಚ್ಚಲಿನವರೆಗೆ ದಪ್ಪ ಎಲೆಯ ದೊಡ್ಡಪತ್ರೆ ಹಬ್ಬಿಕೊಂಡಿತ್ತು. ಅದಕ್ಕೆ ಹೇಳಿಕೊಳ್ಳುವಂಥ ಹೂವಿಲ್ಲ, ಯಾರೂ ಅದನ್ನು ನೋಡಲು ನಿಲ್ಲುವುದಿಲ್ಲ. ಕಾಕು ಅದಕ್ಕೆ ನೀರು ಹಾಕಿದ್ದನ್ನೂ ನಾನು ಕಂಡಿಲ್ಲ. "ಇದು ನೋಡಾಕಲ್ಲ. ಇದರ ಕೆಲಸ ಬಿದ್ದಾಗ ಗೊತ್ತಾಗತೈತಿ" ಎಂದಷ್ಟೇ ಹೇಳಿದ್ದರು.

ಇವುಗಳಲ್ಲಿ ನಾನು ಯಾವತ್ತೂ ಮರೆಯಲಾರದ್ದು ಸಂಜೆಮಲ್ಲಿಗೆ. ಹೈದರಾಬಾದಿನ ಮೊದಲ ವರ್ಷ ನನಗೆ ಭಾಷೆ ಇಲ್ಲ, ಗೆಳತಿಯರಿಲ್ಲ. ಬಸ್ಸಿನಲ್ಲಿ ಎರಡು ಹೊತ್ತೂ ಕಿಟಕಿಗೆ ತಲೆ ಆನಿಸಿ ಕೂರುತ್ತಿದ್ದೆ. ಇಳಿದು ಬರುವ ಹೊತ್ತಿಗೆ ಅಂಗಳದ ಹೂವೆಲ್ಲ ಬಾಡಿ ಮುದುಡಿರುತ್ತಿದ್ದವು. ಒಂದು ದಿನ ನೋಡುತ್ತೇನೆ, ಹಿತ್ತಲಿನಲ್ಲಿದ್ದ ಸಂಜೆಮಲ್ಲಿಗೆಯ ದೊಡ್ಡ ಕುಂಡ ನನ್ನ ಮೆಟ್ಟಿಲ ಬುಡಕ್ಕೆ ಬಂದು ಕುಳಿತಿದೆ. ಗುಲಾಬಿ, ಹಳದಿ ಹೂವು ತುಂಬಿಕೊಂಡಿದೆ. ಅಷ್ಟು ಭಾರದ್ದನ್ನು ಯಾಕೆ ಎಳೆದಿರಿ ಎಂದು ಕೇಳಿದೆ.

"ನೀ ಬರೋ ಹೊತ್ತಿಗೆ ಎಲ್ಲಾ ಮಲಗಿರ್ತಾವ. ಇದೊಂದು ಎದ್ದಿರತೈತಿ," ಎಂದರು ಕಾಕು. "ಎಕ್ಸ್‌ಚೇಂಜಿನ್ಯಾಗ ನಂದೂ ಸಂಜಿ ಡ್ಯೂಟಿ ಇರ್ತಿತ್ತು. ಮನಿಗೆ ಬಂದ್ರ ಯಾರರ ಎದ್ದಿರಬೇಕವಾ." ಕೈ ಅದ್ದಿ ಸೆರಗಿಗೆ ಒರೆಸಿಕೊಂಡರು.

ಮೇಲೆ ಹೋಗಿ ಅತ್ತೆ. ಊರು ಬಿಟ್ಟ ಮೇಲೆ ಯಾರೂ ನನ್ನ ಬರವಿನ ಹೊತ್ತು ಲೆಕ್ಕ ಇಟ್ಟಿರಲಿಲ್ಲ. ಹೈದರಾಬಾದ್ ನನ್ನ ಊರಾದದ್ದು ಆ ದಿನದಿಂದ.

ಕಾಕು ಬೈಯದೇ ಇದ್ದ ಗಿಡ ಒಂದೇ ಒಂದು. ಅಡುಗೆಮನೆಯ ಕಿಟಕಿಯ ಕೆಳಗಿನ ಏಳುಸುತ್ತಿನ ಮಲ್ಲಿಗೆ. ಬೇಸಿಗೆಯಲ್ಲಿ ಪುಟ್ಟ ಗುಲಾಬಿಯಷ್ಟು ದಪ್ಪ ಹೂವು ಬಿಡುತ್ತಿತ್ತು. ಮುಡಿಗೆ ಒಂದೇ ಸಾಕು, ಮಾಲೆ ಬೇಡ. ಮದುವೆಯಾಗಿ ಹೊರಟ ದಿನ ಅವರ ಅವ್ವ ಅದನ್ನೊಂದಿಷ್ಟು ಬೈದು ಒಳಗೆ ಹೋಗಿದ್ದರಂತೆ. ಇವರು ಬೇರುಬಿಟ್ಟ ಟೊಂಗೆ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿ, ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. ಈಗ ಆ ಊರಿನಲ್ಲಿ ಅವ್ವನೂ ಇಲ್ಲ, ಮನೆಯೂ ಮಾರಿಹೋಗಿದೆ. ತವರಿನದು ಅಂತ ಅವರಿಗೆ ಉಳಿದದ್ದು ಈ ಗಿಡ. ಓಣಿಯಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. ಯಾರೂ ಅದರ ಕಡೆ ಎರಡನೇ ಸಲ ನೋಡುತ್ತಿರಲಿಲ್ಲ.

ನಾಲ್ಕು ವರ್ಷದ ಮೇಲೆ ನಾವು ಉಪ್ಪಲ್‌ನಲ್ಲಿ ಫ್ಲ್ಯಾಟ್ ಕೊಂಡೆವು. ನಮ್ಮ ಹಾಗೆ ಸಂಬಳ ಎಣಿಸುವವರೆಲ್ಲ ಆಗ ಕೊಳ್ಳುತ್ತಿದ್ದರು. ನಾನು ಐದು ತಿಂಗಳ ಬಸುರಿ. ಸಾಮಾನು ಲಾರಿಗೆ ಏರಿದ ಮೇಲೆ ಕಾಕು ನನ್ನನ್ನು ಅಂಗಳಕ್ಕೆ ಕರೆದು, ದೊಡ್ಡಪತ್ರೆಯ ಮುಂದೆ ನಿಂತರು.

"ಈ ದೊಡ್ಡಪತ್ರಿ ಭಾಳ ಆಗೇತಿ ನೋಡು. ಎಲ್ಲಾ ಕಡೆ ಇದ. ಕಾಲಿಡಾಕ ಜಾಗ ಇಲ್ಲ." ಒಂದು ಸಲ ಬೈದರು, ಎರಡು ಸಲ ಬೈದರು, ನನ್ನ ಮುಖ ನೋಡಿ ಮೂರನೇ ಸಲವೂ ಬೈದರು. ಆಮೇಲೆ ಫೋನ್ ಬಂತು ಎಂದು ಒಳಗೆ ಹೋದರು.

ನನಗೆ ಬೇಸರವಾಯಿತು. ನಾಲ್ಕು ವರ್ಷ ಮಗಳ ಹಾಗೆ ಇದ್ದವಳಿಗೆ ಬಚ್ಚಲ ಪಕ್ಕದ ಎಲೆಯೇ? ಆಗ ಕಿಟಕಿಯ ಕೆಳಗೆ ಕಣ್ಣು ಹೋಯಿತು. ಏಳುಸುತ್ತಿನ ಮಲ್ಲಿಗೆಯ ಒಂದು ಟೊಂಗೆ ಬಗ್ಗಿಸಿ ಮಣ್ಣಿನಲ್ಲಿ ಹೂತು ಮೇಲೆ ಕಲ್ಲು ಇಟ್ಟಿದ್ದರು. ಮಲ್ಲಿಗೆಗೆ ಬೇರು ಬರಿಸುವ ರೀತಿ ಅದು. ಎರಡು ತಿಂಗಳಿಗೆ ಟೊಂಗೆ ಬೇರುಬಿಡುತ್ತದೆ, ಆಗ ತಾಯಿಗಿಡದಿಂದ ಕತ್ತರಿಸಿ ಬೇರೆ ಕಡೆ ನೆಡಬಹುದು. ನಾನು ಹೋಗುತ್ತೇನೆಂದು ಗೊತ್ತಾಗಿ ಸರಿಯಾಗಿ ಎರಡು ತಿಂಗಳಾಗಿತ್ತು. ಇದು ನನಗೇ ಇಟ್ಟದ್ದು, ಬಾಯಲ್ಲಿ ಬೈಯಲು ಮನಸ್ಸು ಬಂದಿಲ್ಲ ಎಂದುಕೊಂಡೆ. ಬೇಕಾದದ್ದನ್ನು ಹಾಗೆ ಅಂದುಕೊಳ್ಳುವುದು ಸುಲಭ. ಕಲ್ಲು ಸರಿಸಿ, ಟೊಂಗೆ ಮುರಿದು, ಬೇರಿನ ಮಣ್ಣು ಸಮೇತ ಚೀಲದೊಳಗೆ ಇಳಿಸಿಕೊಂಡೆ. ದೊಡ್ಡಪತ್ರೆ ಮುಟ್ಟಲಿಲ್ಲ. ಕಾಕು ಹೊರಗೆ ಬಂದು ಅರಿಶಿನ ಕುಂಕುಮ ಕೊಟ್ಟು ಕಳಿಸಿದರು.

ಮುಂದೆ ಅವರ ಮನೆಗೆ ಹೋದದ್ದು ಮೂರು ತಿಂಗಳ ಮಗುವನ್ನು ಎತ್ತಿಕೊಂಡು. ಕಿಟಕಿಯ ಕೆಳಗೆ ಗಿಡವಿರಲಿಲ್ಲ. ಒಣಗಿದ ಒಂದು ಮೋಟು ಇತ್ತು.

"ಗೆದ್ದಲ ಹತ್ತಿ ಹೋತವಾ," ಎಂದರು ಕಾಕಾ. "ನಿಮ್ಮ ಕಾಕುಗ ಮೊದಲ ಗೊತ್ತಾಗಿತ್ತು. ಒಂದರ ಉಳೀಲಿ ಅಂತ ಒಂದು ಟೊಂಗಿ ಹುಗಿದಿಟ್ಟಿದ್ಲು. ಅದೂ ಮಾಯ ಆತು. ನಾ ಹೇಳತಿದ್ದೆ, ಈ ಕಳವಿನ ಆಟ ಬ್ಯಾಡ ಅಂತ."

"ಸುಮ್ಮನಿರ್ರಿ," ಎಂದರು ಕಾಕು. ಅವರ ಕಣ್ಣು ಮಗುವಿನ ಮೇಲಿತ್ತು. "ಒಯ್ದವರ ಕಡೆ ಬದುಕಿದ್ರ ಆತು."

ನಾನೇ ಒಯ್ದದ್ದು ಎಂದು ಆ ಕ್ಷಣ ಹೇಳಬಹುದಿತ್ತು. ಆದರೆ ಒಯ್ದವರು ಹೇಳಬಾರದಲ್ಲ. ಅವರದೇ ನಿಯಮದ ಹಿಂದೆ ಅಡಗಿ ಕುಳಿತೆ. ನಾಚಿಕೆ, ಇನ್ನೇನಿಲ್ಲ. ಅವರಿಗೆ ತವರು ಅಂತ ಇದ್ದ ಒಂದೇ ಒಂದು ವಸ್ತು ಈಗ ನನ್ನ ಬಾಲ್ಕನಿಯ ಪ್ಲಾಸ್ಟಿಕ್ ಕುಂಡದಲ್ಲಿತ್ತು. ಮತ್ತು ಅದು ಚೆನ್ನಾಗಿರಲಿಲ್ಲ. ಎಲೆ ಹಳದಿಯಾಗುತ್ತಿತ್ತು. ಅದು ಸತ್ತರೆ ನಾನು ಆ ಅಂಗಳಕ್ಕೆ ಯಾವ ಮುಖ ಹೊತ್ತು ಹೋಗಲಿ ಎಂದು ದಿನಾ ಬೆಳಿಗ್ಗೆ ಮಗುವಿಗಿಂತ ಮೊದಲು ಅದನ್ನು ನೋಡುತ್ತಿದ್ದೆ.

ಚಳಿ ಶುರುವಾಗುತ್ತಲೇ ಮಗುವಿಗೆ ಕೆಮ್ಮು ಹಿಡಿಯಿತು. ದವಾಖಾನೆಗೆ ಹೋಗಿ ಔಷಧಿ ತಂದದ್ದಾಯಿತು. ಮಗುವನ್ನು ನೋಡಿಕೊಳ್ಳಲು ಬರುತ್ತಿದ್ದ ಹೆಂಗಸು ಬೀದರ್ ಕಡೆಯವಳು, ಅವಳು ಮೊದಲು ಕೇಳಿದ್ದು, "ದೊಡ್ಡಪತ್ರಿ ಇಲ್ಲೇನ್ರೀ ಅಕ್ಕಾ? ಎಲಿ ಬಾಡಿಸಿ ನೆತ್ತಿಗೆ ಇಟ್ರ ಹಗುರ ಆಗತೈತಿ." ಐದು ಮಹಡಿಯ ಆ ಕಟ್ಟಡದಲ್ಲಿ ಬಾಗಿಲು ಬಾಗಿಲಿಗೆ ಹೋಗಿ ಕೇಳಿದೆ. ಎಲ್ಲರ ಬಾಲ್ಕನಿಯಲ್ಲೂ ಬಣ್ಣಬಣ್ಣದ ಎಲೆಯ ಗಿಡಗಳಿದ್ದವು. ದೊಡ್ಡಪತ್ರೆ ಒಬ್ಬರ ಮನೆಯಲ್ಲೂ ಇರಲಿಲ್ಲ. ಮೆಟ್ಟಿಲ ಮೇಲೆ ನಿಂತಾಗ ಕಾಕು ಯಾಕೆ ಮೂರು ಸಲ ಬೈದಿದ್ದರು ಎಂದು ಹೊಳೆಯಿತು. ಅವರು ನನ್ನ ಹೊಟ್ಟೆಯಲ್ಲಿದ್ದ ಮಗುವಿಗೆ ಕೊಡುತ್ತಿದ್ದರು. ನಾನು ಮುಡಿಗೆ ಏನು ಸಿಗುತ್ತದೆ ಎಂದು ನೋಡುತ್ತಿದ್ದೆ.

ಕೊನೆಗೆ ಮಲ್ಲಿಗೆಯ ಸಲುವಾಗಿ ಅವರಿಗೇ ಫೋನ್ ಮಾಡಿದೆ. ಆಫೀಸಿನ ಗೆಳತಿಯೊಬ್ಬಳ ಗಿಡ ಎಂದು ಸುಳ್ಳು ಹೇಳಿದೆ. ಒಂದು ವರ್ಷವಾದರೂ ಹೂವಿಲ್ಲ, ಎಲೆ ಹಳದಿ, ಅವಳಿಗೆ ಭಾರಿ ಚಿಂತೆ.

ಯಾವ ಗೆಳತಿ ಎಂದು ಕಾಕು ಕೇಳಲಿಲ್ಲ. ಬಿಡಿಸಿ ಬಿಡಿಸಿ ಹೇಳಿದರು, ಹಳೆಯ ಆಪರೇಟರ್ ಧ್ವನಿಯಲ್ಲಿ. "ನಿನ್ನ ಗೆಳತಿಗೆ ಹೇಳು, ನೆಳ್ಳಾಗಿಂದ ತೆಗದು ಬಿಸಲಾಗ ಇಡು ಅಂತ. ನೀರು ಕಡಿಮಿ ಹಾಕಬೇಕು. ಚಳಿಗಾಲ ಮುಗಿಯೋ ಮುಂದ ಎಲಿ ಎಲ್ಲಾ ಕಿತ್ತು ಹಾಕಿ, ತುದಿ ಕತ್ತರಿಸಬೇಕು. ಬೋಳು ಕಾಣತೈತಿ, ಕೈ ಬರಂಗಿಲ್ಲ, ಆದ್ರೂ ಕತ್ತರಿಸಬೇಕು. ಭಾಳ ಅಂಜಬ್ಯಾಡ ಅಂತ ಹೇಳು. ಅದು ಗಟ್ಟಿ ಜಾತಿ."

ನನಗೆ ದುಃಖ ಉಕ್ಕಿ ಬಂತು. ಸರಿ ಕಾಕು, ಹೇಳ್ತೀನಿ ಎಂದೆ. ಮೂರು ನಿಮಿಷವಾಗಿತ್ತೋ ಏನೋ, ಅವರು ಇಟ್ಟುಬಿಟ್ಟರು.

ಹೇಳಿದ ಹಾಗೇ ಮಾಡಿದೆ. ಮಾರ್ಚಿನಲ್ಲಿ ಚಿಗುರಿತು. ಏಪ್ರಿಲಿನಲ್ಲಿ ಮೊದಲ ಹೂವು ಬಿಟ್ಟಿತು, ದಪ್ಪಗೆ, ತುಂಬಿಕೊಂಡು. ನಾನು ಮುಡಿಯಲಿಲ್ಲ. ಮಳೆ ಶುರುವಾದೊಡನೆ ಅದರ ಕೆಳಗಿನ ಟೊಂಗೆಯನ್ನು ಪಕ್ಕದ ಕುಂಡದ ಮಣ್ಣಿಗೆ ಬಗ್ಗಿಸಿ ಹೂತು ಕಲ್ಲು ಇಟ್ಟೆ. ಎರಡು ತಿಂಗಳು ಕಾದು, ಶ್ರಾವಣದ ಒಂದು ಶುಕ್ರವಾರ ಕಾಕುವನ್ನು ಅರಿಶಿನ ಕುಂಕುಮಕ್ಕೆ ಕರೆದೆ.

ಆಟೋದಲ್ಲಿ ಬಂದರು. ಮಗುವಿಗೆ ಉತ್ತತ್ತಿ ತಂದಿದ್ದರು. ಬಾಲ್ಕನಿಗೆ ಕರೆದುಕೊಂಡು ಹೋಗಿ ಮಲ್ಲಿಗೆಯ ಮುಂದೆ ನಿಂತೆ. ಮೊಣಕಾಲೆತ್ತರದ ಗಿಡ ಅದು. ಬಾಯಿಗೆ ಬಂದಷ್ಟು ಬೈದೆ. "ಈ ಗಿಡ ಭಾಳ ಆಗಿದೆ ಕಾಕು. ಬಟ್ಟೆ ಒಣಹಾಕೋಕೆ ಜಾಗ ಇಲ್ಲ. ಯಾಕಾದ್ರೂ ತಂದಿಟ್ಟೆನೋ, ತಲೆನೋವು." ಅಡುಗೆಮನೆಯ ಕಡೆ ನೋಡಿದೆ. "ಹಾಲು ಇಟ್ಟು ಬಂದಿದೀನಿ, ಉಕ್ಕುತ್ತೋ ಏನೋ" ಎಂದು ಬೆನ್ನು ತಿರುಗಿಸಿದೆ.

ಒಲೆ ಹಚ್ಚಿರಲಿಲ್ಲ. ಅಡುಗೆಮನೆಯಲ್ಲಿ ಕಟ್ಟೆ ಹಿಡಿದು ನಿಂತೆ. ಅವರು ಒಯ್ಯದಿದ್ದರೆ? ನಿನ್ನದು ನಿನಗೇ ಇರಲಿ ಎಂದು ಬಿಟ್ಟುಹೋದರೆ? ಹಾಗೆ ಬಿಟ್ಟರೆ ನನಗೆ ಕ್ಷಮೆ ಇಲ್ಲ ಎಂದೇ ಅನ್ನಿಸಿತು. ಬಾಲ್ಕನಿಯಿಂದ ಬಳೆಯ ಸದ್ದೂ ಇಲ್ಲ. ಎಷ್ಟು ಹೊತ್ತು ನಿಲ್ಲಬೇಕೆಂದು ತಿಳಿಯದೆ, ಕಾಕು ನಿಲ್ಲುತ್ತಿದ್ದಷ್ಟೇ ನಿಂತು ಹೊರಗೆ ಬಂದೆ.

ಕಲ್ಲನ್ನು ತೆಗೆದು ಗೋಡೆಯ ಪಕ್ಕ ನೀಟಾಗಿ ಇಟ್ಟಿದ್ದರು. ಅವರ ಕೈಚೀಲದ ಬಾಯಿ ಕಟ್ಟಿತ್ತು. ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು.

"ಹಾಲು ಉಕ್ಕಿತೇನವಾ?"

"ಇಲ್ಲ ಕಾಕು."

"ಛಲೋ ಆತು," ಎಂದರು. ಲಿಫ್ಟಿನ ಬಾಗಿಲಲ್ಲಿ ಮಣ್ಣಿನ ವಾಸನೆಯ ಕೈಯಿಂದ ನನ್ನ ಕೆನ್ನೆ ಸವರಿದರು. ಅದಕ್ಕಿಂತ ಹೆಚ್ಚು ಮಾತು ನಮ್ಮ ನಡುವೆ ಆ ವಿಷಯಕ್ಕೆ ಆಗಲಿಲ್ಲ, ಮುಂದೆಯೂ ಆಗಲಿಲ್ಲ.

ಅದಾಗಿ ಎರಡು ವರ್ಷಕ್ಕೆ ಕಾಕು ಹೋದರು. ಬೆಳಿಗ್ಗೆ ಗಿಡಕ್ಕೆ ನೀರು ಹಾಕಿ ಬಂದು ಕುಳಿತವರು ಏಳಲಿಲ್ಲವಂತೆ. ನಾನು ಆಗ ಕೆಲಸದ ಮೇಲೆ ಪುಣೆಯಲ್ಲಿದ್ದೆ. ತಾರ್ನಾಕಕ್ಕೆ ಹೋಗುವ ಹೊತ್ತಿಗೆ ದಿನಕರ್ಮಗಳೆಲ್ಲ ಮುಗಿದಿದ್ದವು.

ಸಂಜೆಯಾಗಿತ್ತು. ಮೆಟ್ಟಿಲ ಬುಡದಲ್ಲಿ ಸಂಜೆಮಲ್ಲಿಗೆ ಎದ್ದಿತ್ತು. ಕಿಟಕಿಯ ಕೆಳಗೆ ಏಳುಸುತ್ತಿನ ಮಲ್ಲಿಗೆ ಸೊಂಟದೆತ್ತರ ಬೆಳೆದಿತ್ತು. ಅದರ ಒಂದು ಟೊಂಗೆಯ ಮೇಲೆ ಕಲ್ಲು ಇತ್ತು. ಯಾರಿಗೆಂದು ಇಟ್ಟಿದ್ದರೋ. ಕಾಕಾ ನನ್ನ ಜೊತೆ ಅಂಗಳಕ್ಕೆ ಬಂದರು. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿಕೊಂಡಿದ್ದರು. ನನ್ನ ಮಗಳು ಇಟ್ಟಿಗೆ ಸಂದಿಯ ಹತ್ತಿರ ಕೂತು ದಪ್ಪ ಎಲೆಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದಳು. ಕಾಕಾ ಅವಳನ್ನು ನೋಡಿದರು, ನನ್ನನ್ನು ನೋಡಿದರು.

"ಈ ಗಿಡ ಭಾಳ ಆಗೇತಿ," ಎಂದರು. ಹೆಸರು ನೆನಪಾಗಲಿಲ್ಲವೋ ಏನೋ, ಸ್ವಲ್ಪ ತಡೆದರು. "ಎಲ್ಲಾ ಕಡೆ ಇದ. ಕಾಲಿಡಾಕ ಜಾಗ ಇಲ್ಲ."

ಆಮೇಲೆ ಒಳಗಿನ ಕಡೆ ಕಿವಿ ಕೊಟ್ಟಂತೆ ನಿಂತು, "ಫೋನ್ ಬಂತು," ಎಂದು ಬೆನ್ನು ತಿರುಗಿಸಿದರು.

ಫೋನ್ ಬಂದಿರಲಿಲ್ಲ. ನಾನು ಬಗ್ಗಿ ದೊಡ್ಡಪತ್ರೆಯ ಒಂದು ಕಡ್ಡಿ ಮುರಿದು ಸೆರಗಿನಲ್ಲಿ ಮುಚ್ಚಿಕೊಂಡೆ, ಅವರು ಹೊರಗೆ ಬರುವವರೆಗೂ ಬೇರೆ ಕಡೆ ನೋಡುತ್ತ ನಿಂತೆ.